ಪೊರಕೆ ಗೂಡಿನ ಪ್ರಾಚೀನತೆ

ಪೊರಕೆಯನ್ನು ಎಲ್ಲಿಡಬೇಕು ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಸಂಸಾರಸ್ಥರು ಅದನ್ನು ಬಾಗಿಲ ಸಂದಿಯಲ್ಲೇ ಬಗೆಹರಿಸಿಕೊಂಡು ಮುಂದಿನ ಕೆಲಸ ನೋಡುತ್ತಾರೆ. ಆದರೆ ಇದೇ ಪ್ರಶ್ನೆ ಒಂದು ಇಲಾಖೆಯನ್ನು ಮೂರು ತಿಂಗಳು ಅಲುಗಾಡಿಸಿತು, ಒಬ್ಬ ವಿದ್ವಾಂಸರಿಂದ ಎಂಬತ್ತು ಪುಟ ಬರೆಸಿತು, ಒಂದು ಅಡುಗೆಮನೆಯ ಬಾಗಿಲನ್ನು ಬೂದಿ ಮಾಡಿತು ಎಂದರೆ ನಂಬುವವರು ಕಡಿಮೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ದಾಖಲಿಸುವುದೇ ಕ್ಷೇಮ.

ಊರಿನಿಂದ ಎರಡು ಮೈಲಿ ಆಚೆ, ಹೊಲಗಳ ನಡುವೆ, ಬೇಸಾಯಗಾರರ ಹಳೆಯ ಮನೆಯೊಂದಿದೆ. ಇನ್ನೂರು ವರ್ಷದ ಹಿಂದೆ ಅಲ್ಲಿ ದಿನಕ್ಕೆ ನಲವತ್ತು ಜನ ಉಣ್ಣುತ್ತಿದ್ದರು, ಅರವತ್ತು ದನ ಮೇಯುತ್ತಿದ್ದವು. ಈಗ ಯಾರೂ ಉಣ್ಣುವುದಿಲ್ಲ, ಯಾವುದೂ ಮೇಯುವುದಿಲ್ಲ. ಸರ್ಕಾರ ಅದನ್ನು ಸಂರಕ್ಷಿಸಿದೆ. ದೊಡ್ಡ ಮನೆ, ದನದ ಕೊಟ್ಟಿಗೆ, ಕಣಜ, ಗಾಡಿ ನಿಲ್ಲಿಸುವ ಚಪ್ಪರ, ಹುಲ್ಲಿನ ಮನೆ, ಒಟ್ಟು ಐದು ಕಟ್ಟಡ. ಒಂದೊಂದರ ಮುಂದೆಯೂ ನೀಲಿ ತಗಡಿನ ಫಲಕ, ಅದರ ಮೇಲೆ ಒಂದರಿಂದ ಐದರವರೆಗೆ ಅಂಕಿ.

ಇದನ್ನೆಲ್ಲ ನೋಡಿಕೊಳ್ಳುವವರು ಉಸ್ತುವಾರಿಯವರು. ಗೇಟಿನ ಪಕ್ಕದ ಎರಡು ಕೋಣೆ, ಒಂದು ಅಡುಗೆಮನೆಯ ಸರ್ಕಾರಿ ವಸತಿಯಲ್ಲಿ ಹೆಂಡತಿಯ ಜೊತೆ ಹತ್ತೊಂಬತ್ತು ವರ್ಷದಿಂದ ಇದ್ದಾರೆ. ಹಿತ್ತಾಳೆ ಗುಂಡಿಯ ಕೋಟು ಹಾಕುತ್ತಾರೆ. ಬೆಳಿಗ್ಗೆ ಬೀಗ ತೆಗೆಯುತ್ತಾರೆ, ಗುಡಿಸುತ್ತಾರೆ, ಸಂಜೆ ಬೀಗ ಹಾಕುತ್ತಾರೆ. ಆ ಮನೆಯ ಚರಿತ್ರೆ ಅವರಿಗೆ ಬಾಯಿಪಾಠ. ಆದರೆ ಹತ್ತೊಂಬತ್ತು ವರ್ಷದಲ್ಲಿ ನೋಡಲು ಬಂದವರು ಅವರನ್ನು ಕೇಳಿದ್ದು ಎರಡೇ ಪ್ರಶ್ನೆ: ಶೌಚಾಲಯ ಎಲ್ಲಿದೆ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ. ಬಾಯಿಪಾಠ ಬಾಯಲ್ಲೇ ಉಳಿದಿತ್ತು.

ಇಲಾಖೆಯ ನಿಯಮಾವಳಿ ಅವರ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ನಿಯಮ ಒಂಬತ್ತು: ಪೊರಕೆ, ಬಕೆಟ್ಟು ಮುಂತಾದವು ಪ್ರೇಕ್ಷಕರ ಕಣ್ಣಿಗೆ ಬೀಳಕೂಡದು. ನಿಯಮ ಹನ್ನೊಂದು: ಹಳೆಯ ಕಟ್ಟಡಗಳೊಳಗೆ ಈ ಕಾಲದ ಯಾವ ವಸ್ತುವನ್ನೂ ಇಡಕೂಡದು. ನಿಯಮ ಹದಿನಾಲ್ಕು: ಆವರಣದಲ್ಲಿ ಹೊಸದಾಗಿ ಏನನ್ನೂ ಕಟ್ಟತಕ್ಕದ್ದಲ್ಲ; ಕಟ್ಟಿಸಿದವರನ್ನು ಕೆಲಸದಿಂದಲೂ ವಸತಿಯಿಂದಲೂ ತೆರವು ಮಾಡತಕ್ಕದ್ದು. ಮೂರನ್ನೂ ಒಟ್ಟಿಗೆ ಓದಿದರೆ ಪೊರಕೆಗೆ ಭೂಮಿಯ ಮೇಲೆ ಜಾಗವಿಲ್ಲ ಎಂದು ತಿಳಿಯುತ್ತದೆ. ಆದರೆ ದಿನಾ ಗುಡಿಸುವುದು ಕಡ್ಡಾಯ. ಅದು ನಿಯಮ ಎರಡು.

ಮೊದಲ ಏಳು ವರ್ಷ ಪೊರಕೆಗಳು ಉಸ್ತುವಾರಿಯವರ ಮಂಚದ ಕೆಳಗಿದ್ದವು. ಎಂಟನೆಯ ವರ್ಷ ಅವರ ಹೆಂಡತಿ ಹೇಳಿದರು: "ಮಂಚದ ಕೆಳಗೆ ಏಳು ಪೊರಕೆ, ನಾಲ್ಕು ಬಕೆಟ್ಟು ಇದೆ. ಇನ್ನೊಂದು ಬಂದ್ರೆ ಅವು ಮೇಲೆ ಮಲಗಲಿ, ನಾನು ಕೆಳಗೆ ಹೋಗ್ತೀನಿ."

ಹೀಗಾಗಿ ಭಾವಮೈದುನನಿಗೆ ಬುಲಾವು ಹೋಯಿತು.

ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ಬಡಗಿ. ಊರಿನವರು ಅವನನ್ನು ಅಂದಾಜು ಮೇಸ್ತ್ರಿ ಎನ್ನುತ್ತಿದ್ದರು, ಏಕೆಂದರೆ ಅವನು ಅಳತೆ ಟೇಪು ಮುಟ್ಟುತ್ತಿರಲಿಲ್ಲ. "ಟೇಪು ಹಿಡಿಯೋದು ದರ್ಜಿ ಕೆಲಸ. ಬಡಗಿಗೆ ಕಣ್ಣಿದೆ, ಗೇಣಿದೆ, ಸಾಕು" ಎಂಬುದು ಅವನ ಸಿದ್ಧಾಂತ. ಅವನು ಮಾಡಿದ ಬೀರು ಒಂದು ಮನೆಯ ಬಾಗಿಲಲ್ಲಿ ತೂರದೆ, ಬಾಗಿಲು ದೊಡ್ಡದು ಮಾಡಲು ಹೋಗಿ, ಗೋಡೆ ಬಿದ್ದು, ಕೊನೆಗೆ ಬೀರು ಸುಖವಾಗಿ ಒಳಗೆ ಹೋದದ್ದನ್ನು ಈಗಲೂ ಜನ ಹೇಳುತ್ತಾರೆ. ಅಕ್ಕನ ಅಡುಗೆಮನೆಯ ಬಾಗಿಲೂ ಅವನ ಕೈಯದೇ. ಅದು ಮೇಲೆ ಕಚ್ಚಿಕೊಳ್ಳುತ್ತಿತ್ತು, ಕೆಳಗೆ ನಾಲ್ಕು ಬೆರಳು ಬಿಟ್ಟುಕೊಳ್ಳುತ್ತಿತ್ತು. ಆ ಸಂದಿಯಿಂದ ಬೆಕ್ಕು ಬಂದು ಹಾಲು ಕುಡಿದು ಹೋಗುತ್ತಿತ್ತು. ಅಕ್ಕ ಈ ವಿಷಯವನ್ನು ಮನೆಗೆ ಬಂದ ಎಲ್ಲರಿಗೂ, ಕುಡಿಯಲು ನೀರು ಕೊಡುವುದಕ್ಕೂ ಮೊದಲು, ತಿಳಿಸುತ್ತಿದ್ದರು.

ಅವನು ಪಂಪ್‌ಸೆಟ್ಟಿನ ಅಂಗಡಿಯಿಂದ ಹಳೆಯ ಪೆಟ್ಟಿಗೆಗಳ ಹಲಗೆ ತಂದು, ಕಣಜದ ಹಿಂದೆ, ಯಾರಿಗೂ ಕಾಣದ ಕಡೆ, ಅರ್ಧ ದಿನದಲ್ಲಿ ಒಂದು ಗೂಡು ಹೊಡೆದ. ಮೊಳೆ ಕೊಟ್ಟವನು, ಏಣಿ ಹಿಡಿದವನು ಗೇಟಿನ ಎದುರಿನ ದರ್ಜಿ. ಗೂಡು ಪೂರ್ವಕ್ಕೆ ವಾಲಿತು. ಬಾಗಿಲು ಪಶ್ಚಿಮಕ್ಕೆ ವಾಲಿತು. ಎರಡೂ ಒಂದನ್ನೊಂದು ಹಿಡಿದುಕೊಂಡು ನಿಂತವು. ಹನ್ನೆರಡು ವರ್ಷದ ಮಳೆ ಬಿಸಿಲಿಗೆ ಹಲಗೆ ಬೂದು ಬಣ್ಣಕ್ಕೆ ತಿರುಗಿ, ಪಾಚಿ ಕಟ್ಟಿ, ಮೊಳೆಗಳು ತುಕ್ಕು ಹಿಡಿದು, ನೋಡಿದವರು ಎದ್ದು ನಿಲ್ಲಬೇಕು ಅನ್ನಿಸುವಷ್ಟು ವಯಸ್ಸು ಅದರ ಮುಖಕ್ಕೆ ಬಂತು.

ಒಂದು ಬೆಳಿಗ್ಗೆ ಕೊಡೆ ಹಿಡಿದ ಒಬ್ಬ ಮಹನೀಯರು ಬಂದರು. ಐದು ಕಟ್ಟಡಗಳನ್ನೂ ದಾಟಿ, ದಾರಿ ತಪ್ಪಿ, ಕಣಜದ ಹಿಂದೆ ಹೋಗಿ ಗೂಡಿನ ಮುಂದೆ ನಿಂತರು. ಜೇಬಿನಿಂದ ಭೂತಗನ್ನಡಿ ತೆಗೆದರು. ಉಸ್ತುವಾರಿಯವರು ಓಡಿ ಬಂದರು.

"ಇದೇನು?" ಎಂದರು ಮಹನೀಯರು.

ಉಸ್ತುವಾರಿಯವರಿಗೆ ನಿಯಮ ಹದಿನಾಲ್ಕು ಕಣ್ಮುಂದೆ ಕುಣಿಯಿತು. ಅದೇ ಹೊತ್ತಿಗೆ, ಹತ್ತೊಂಬತ್ತು ವರ್ಷದ ಮೇಲೆ ತನ್ನನ್ನು ಒಬ್ಬರು ಮೂರನೆಯ ಪ್ರಶ್ನೆ ಕೇಳಿದರಲ್ಲ ಎಂದು ಎದೆ ಉಬ್ಬಿತು. ಭಯವೂ ಸಂತೋಷವೂ ಜೊತೆಯಾಗಿ ಬಂದಾಗ ಮನುಷ್ಯನ ಬಾಯಿಂದ ನಿಜ ಹೊರಡುವ ಸಂಭವ ಬಹಳ ಕಡಿಮೆ.

"ಇದು ಹಸು ಈಯೋ ಕೋಣೆ ಸ್ವಾಮಿ."

"ಎಷ್ಟು ಹಳೇದು?"

"ಇಲ್ಲಿರೋದರಲ್ಲೆಲ್ಲ ಇದೇ ಹಳೇದು."

"ಎರಡೂವರೆ ಅಡಿ ಅಗಲ ಇದೆ. ಹಸು ಹೇಗೆ ಹಿಡಿಸ್ತಿತ್ತು?"

"ಆಗಿನ ಹಸು ಚಿಕ್ಕದು ಸ್ವಾಮಿ."

ಮಹನೀಯರು ಪುಸ್ತಕ ತೆಗೆದು ಬರೆದುಕೊಂಡರು. "ಎಷ್ಟು ಚಿಕ್ಕದು?"

ಉಸ್ತುವಾರಿಯವರು ಕೈಯನ್ನು ಮೊಣಕಾಲಿನ ಹತ್ತಿರ ಹಿಡಿದರು. ಸ್ವಲ್ಪ ಯೋಚಿಸಿ, ಅತಿಯಾಯಿತೇನೋ ಎಂದು ತೊಡೆಯವರೆಗೆ ಏರಿಸಿದರು. ಮಹನೀಯರು ಬಗ್ಗಿ ಆ ಎತ್ತರವನ್ನು ಕೊಡೆಯ ಕಾವಿನಿಂದ ಅಳೆದು ಅದನ್ನೂ ಬರೆದುಕೊಂಡರು.

"ಒಳಗೆ ಪೊರಕೆ ಇವೆಯಲ್ಲ?"

"ಹಸು ಅಂದ ಮೇಲೆ ಗುಡಿಸಬೇಕಲ್ಲ ಸ್ವಾಮಿ."

ಇದು ಕೇಳಿದವರನ್ನು ನಿರುತ್ತರಗೊಳಿಸುವ ಉತ್ತರವಾಗಿತ್ತು. ಮಹನೀಯರು ತಲೆದೂಗಿ ಹೊರಟುಹೋದರು. ಶೌಚಾಲಯವನ್ನೂ ಕೇಳಲಿಲ್ಲ, ಬಸ್ಸನ್ನೂ ಕೇಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಉಸ್ತುವಾರಿಯವರು ಇದನ್ನೆಲ್ಲ ಹೆಂಡತಿಗೆ ವರದಿ ಮಾಡಿದರು.

"ಮತ್ತೆ ಏನು ಹೇಳಬೇಕಿತ್ತು? ನಿಜ ಹೇಳಬೇಕಿತ್ತಾ?"

"ಸುಮ್ಮನಿರಬೇಕಿತ್ತು" ಎಂದರು ಹೆಂಡತಿ. "ಹತ್ತೊಂಬತ್ತು ವರ್ಷ ಸುಮ್ಮನಿದ್ದೋರಿಗೆ ಇನ್ನೊಂದು ಹತ್ತು ನಿಮಿಷ ಇರೋಕೆ ಆಗಲಿಲ್ವಾ?"

"ಯಾರೋ ದಾರಿಹೋಕರು ಕಣೇ. ಮರೆತುಬಿಡ್ತಾರೆ."

ದಾರಿಹೋಕರು ಮರೆಯಲಿಲ್ಲ. ಅವರು ಹಳೆಯ ಕೊಟ್ಟಿಗೆ, ಗೂಡು, ಹೊರಕೋಣೆಗಳ ಶಾಸ್ತ್ರದಲ್ಲಿ ಕೊನೆಯ ಮಾತು ಹೇಳುವ ತಜ್ಞರಾಗಿದ್ದರು. ಕತ್ತೆಯ ಲಾಯದ ಕಿಟಕಿಗಳ ಬಗ್ಗೆ ಎರಡು ಸಂಪುಟ ಬರೆದವರು. ವಾರದೊಳಗೆ ಇಲಾಖೆಯಿಂದ ಕಾಗದ ಬಂತು: ಕಣಜದ ಹಿಂದಿನ ಅಪೂರ್ವ ಕಟ್ಟಡವನ್ನು ಯಾರೂ ಮುಟ್ಟಕೂಡದು, ತೆರೆಯಕೂಡದು, ಒಳಗಿನ ಪೊರಕೆಗಳನ್ನು ಇದ್ದಲ್ಲಿಯೇ ಬಿಡತಕ್ಕದ್ದು, ಏಕೆಂದರೆ ಅವೂ ಪರಿಶೀಲನೆಯಲ್ಲಿವೆ.

ಉಸ್ತುವಾರಿಯವರು ಆ ದಿನದಿಂದ ಸೊಪ್ಪಿನ ಕೊಂಬೆಯಲ್ಲಿ ಗುಡಿಸತೊಡಗಿದರು.

ಕಾಗದದ ಹಿಂದೆಯೇ ತಜ್ಞರು ಬಂದರು, ಜೊತೆಗೆ ಇಲಾಖೆಯ ಮೇಲಧಿಕಾರಿಣಿ ಬಂದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಸುದ್ದಿ ತಿಳಿದು ಊರಿನ ಮೂವತ್ತು ಜನವೂ ಬಂದರು. ಭಾವಮೈದುನ ಬಂದದ್ದು ಮಾತ್ರ ಕಾಫಿಗೆ. ಗುಂಪು ಕಂಡು ಅವನೂ ಹಿಂದೆ ಬಂದು ನಿಂತ.

ತಜ್ಞರು ಕೊಡೆಯ ತುದಿಯಿಂದ ಬಾಗಿಲು ತೋರಿಸಿದರು. "ಗಮನಿಸಿ. ಬಾಗಿಲು ಓರೆ. ಸಾಮಾನ್ಯರು ಇದನ್ನ ತಪ್ಪು ಅಂತಾರೆ. ಕೆಳಗೆ ಬಿಟ್ಟಿರೋ ನಾಲ್ಕು ಬೆರಳು ಸಂದಿ ಕರುವಿನ ಉಸಿರಾಟಕ್ಕೆ. ಮೇಲೆ ಬಿಗಿ, ತಾಯಿಹಸುವಿಗೆ ಗಾಳಿ ಹೊಡೀಬಾರದು ಅಂತ. ಮೊಳೆ ನೋಡಿ, ಪ್ರತಿಯೊಂದೂ ಬಗ್ಗಿದೆ. ಒಂದು ಬಗ್ಗಿದ್ರೆ ಕೈತಪ್ಪು. ನೂರಾ ಹನ್ನೆರಡೂ ಬಗ್ಗಿದ್ರೆ ಅದು ಶೈಲಿ."

ಮೇಡಂ ಬರೆದುಕೊಂಡರು.

"ಈ ಕಟ್ಟಡ ಗಾಳಿಗೆ ಎದುರು ನಿಲ್ಲೋದಿಲ್ಲ. ಗಾಳಿಗೆ ತಲೆಬಾಗಿ ಮರ್ಯಾದೆ ಕೊಡುತ್ತೆ. ಇಂಥ ಕೈ ಮತ್ತೆ ಹುಟ್ಟೋದಿಲ್ಲ."

ಗುಂಪಿನ ಹಿಂದೆ ಅಂದಾಜು ಮೇಸ್ತ್ರಿ ತನ್ನ ಕೈಯನ್ನು ತಾನೇ ನೋಡಿಕೊಂಡ. ಮುಂದೆ ತಿರುಗಿಸಿದ, ಹಿಂದೆ ತಿರುಗಿಸಿದ.

ದರ್ಜಿ ಮುಂದೆ ಬಂದು ಗಂಟಲು ಸರಿಮಾಡಿಕೊಂಡ. ಹಿಂದಿನ ದಿನವಷ್ಟೇ ಅವನು, ನೋಡಲು ಬರುವ ಜನ ಕೂರಲಿ ಎಂದು, ಅಂಗಡಿಯ ಮುಂದೆ ಬೆಂಚು ಹಾಕಿಸಿದ್ದ. "ನಮ್ಮಜ್ಜ ಇದರೊಳಗೆ ಕರು ಹುಟ್ಟಿದ್ದು ಕಣ್ಣಾರೆ ನೋಡಿದ್ರಂತೆ ಮೇಡಂ."

"ಎಷ್ಟು ದೊಡ್ಡ ಕರು?" ಎಂದರು ತಜ್ಞರು ಆಸೆಯಿಂದ.

ದರ್ಜಿ ಒಂದು ಬೊಗಸೆ ತೋರಿಸಿದ.

ಅಂದು ಸಂಜೆ ಅಡುಗೆಮನೆಯಲ್ಲಿ ಭಾವಮೈದುನನ ಕಾಫಿ ಆರಿ ತಣ್ಣಗಾಯಿತು. ಅವನು ಕುಡಿಯಲಿಲ್ಲ.

"ಭಾವ, ಮೂವತ್ತು ವರ್ಷ ಆಯ್ತು ಮರ ಕೊಯ್ಯೋಕೆ ಶುರು ಮಾಡಿ. ಇವತ್ತಿನವರೆಗೂ ಒಬ್ಬರೂ ಚೆನ್ನಾಗಿದೆ ಅಂದಿಲ್ಲ. ಇವತ್ತು ಒಬ್ಬರು ಅಂದ್ರು. ಮೂವತ್ತು ಜನರ ಮುಂದೆ ಅಂದ್ರು. ಅದನ್ನೂ ಯಾವನೋ ಸತ್ತವನಿಗೆ ಕೊಟ್ಟುಬಿಡಬೇಕಾ?"

"ಹಾಗಲ್ಲಪ್ಪ" ಎಂದರು ಉಸ್ತುವಾರಿಯವರು. ಹೇಗೆ ಎಂಬುದು ಅವರಿಗೂ ಹೊಳೆಯಲಿಲ್ಲ.

"ಗುರುವಾರ ಫಲಕ ಹಾಕೋಕೆ ಬರ್ತಾರಲ್ಲ, ಆಗ ಹೇಳ್ತೀನಿ. ಇದು ಮಾಡಿದೋನು ಬದುಕಿದ್ದಾನೆ, ಇಲ್ಲೇ ನಿಂತಿದ್ದಾನೆ ಅಂತೀನಿ."

"ನಿನಗೆ ಹೆಸರು ಬರುತ್ತೆ, ನಮಗೆ ಮನೆ ಹೋಗುತ್ತೆ" ಎಂದರು ಅಕ್ಕ. "ನಿಯಮ ಹದಿನಾಲ್ಕು ಗೋಡೆ ಮೇಲಿದೆ, ಓದ್ಕೊಂಡು ಬಾ. ಗಂಟುಮೂಟೆ ಕಟ್ಟಿ ನಿನ್ನ ಮನೆಗೇ ಬರಬೇಕು ನಾವು."

"ಬನ್ನಿ ಅಕ್ಕ. ಜಾಗ ಇದೆ."

"ನಿನ್ನ ಮನೇಲಿ ಎಲ್ಲ ಬಾಗಿಲೂ ನೀನೇ ಮಾಡಿದ್ದು ಕಣೋ."

ಅವನು ಎದ್ದು ನಿಂತ. "ಅಷ್ಟೇ ಅಲ್ವಾ ನನ್ನ ಯೋಗ್ಯತೆ. ಸರಿ. ನಂಬದೇ ಇದ್ರೆ ಸಾಕ್ಷಿ ಇಲ್ಲೇ ಇದೆ. ಈ ನಿನ್ನ ಅಡುಗೆಮನೆ ಬಾಗಿಲೇ ಸಾಕ್ಷಿ. ಅದೇ ಕೈ, ಅದೇ ಸೊಟ್ಟ, ಅದೇ ನಾಲ್ಕು ಬೆರಳು. ಕರ್ಕೊಂಡು ಬಂದು ತೋರಿಸ್ತೀನಿ." ಬಾಗಿಲನ್ನು ದಡಾರನೆ ಹಾಕಿಕೊಂಡು ಹೋಗಬೇಕೆಂದು ಅವನ ಆಸೆ. ಅದು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಹಾಗೇ ಬಿಟ್ಟು ಹೋದ.

ಅಕ್ಕ ಬಹಳ ಹೊತ್ತು ಆ ಬಾಗಿಲನ್ನೇ ನೋಡುತ್ತಿದ್ದರು.

ಗುರುವಾರ ಬೆಳಿಗ್ಗೆ ಆರು ಎಂದು ಬರೆದ ನೀಲಿ ಫಲಕ ಬಂತು. ತಜ್ಞರು, ಮೇಡಂ, ದರ್ಜಿ, ಊರಿನ ಮೂವತ್ತು ಜನ ಗೂಡಿನ ಮುಂದೆ ಸೇರಿದರು. ಫಲಕಕ್ಕೆ ಮೊದಲ ಮೊಳೆ ಹೊಡೆಯಬೇಕು, ಅಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಅಂದಾಜು ಮೇಸ್ತ್ರಿ ಮುಂದೆ ಬಂದ.

"ಇದು ನಾನು ಮಾಡಿದ್ದು."

ತಜ್ಞರು ಕರುಣೆಯಿಂದ ನಕ್ಕರು. "ಅಪರೂಪದ ಕಟ್ಟಡ ಸಿಕ್ಕಾಗಲೆಲ್ಲ ಇಂಥೋರು ಒಬ್ಬರು ಬರ್ತಾರೆ ಮೇಡಂ. ಕತ್ತೆ ಲಾಯದ ಹತ್ತಿರ ಇಬ್ಬರು ಬಂದಿದ್ರು."

"ಒಳಗಡೆ ಹಲಗೆ ನೋಡಿ. ಪಂಪ್‌ಸೆಟ್ಟಿನ ಪೆಟ್ಟಿಗೆದು. 'ಈ ಬದಿ ಮೇಲೆ' ಅಂತ ಬರೆದಿದೆ, ಬಾಣದ ಗುರುತೂ ಇದೆ."

ತಜ್ಞರು ಬಗ್ಗಿ ನೋಡಿದರು. ಇತ್ತು. ತಲೆಕೆಳಗಾಗಿ ಇತ್ತು, ಬಾಣ ನೆಲ ತೋರಿಸುತ್ತಿತ್ತು. ಉಸ್ತುವಾರಿಯವರ ಕೋಟಿನ ಒಂದು ಹಿತ್ತಾಳೆ ಗುಂಡಿ ತಾನಾಗಿ ಕಿತ್ತು ಬಿತ್ತು.

"ಇದು ಈಚೆಗೆ ಮಾಡಿದ ತೇಪೆ" ಎಂದರು ತಜ್ಞರು, ಮುಖ ಸಿಂಡರಿಸಿ. "ಯಾವನೋ ಕೈಲಾಗದೋನು ಹಾಕಿದ್ದಾನೆ. ಮೂಲದ ಕೈಗೂ ಈ ಕೈಗೂ ಅಜಗಜಾಂತರ."

ಒಂದೇ ಗೂಡಿಗೆ ಒಂದೇ ಗಳಿಗೆಯಲ್ಲಿ ಹೊಗಳಿಕೆಯೂ ತೆಗಳಿಕೆಯೂ ಬಿದ್ದು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಅಂದಾಜು ಮೇಸ್ತ್ರಿಗೆ ತಿಳಿಯಲಿಲ್ಲ. "ದರ್ಜಿಯಣ್ಣ, ನೀನೇ ಹೇಳು. ಏಣಿ ಹಿಡಿದಿದ್ದು ನೀನಲ್ವಾ?"

ದರ್ಜಿ ತನ್ನ ಬೆಂಚನ್ನು ನೆನೆದುಕೊಂಡ. "ನಾನು ಏಣಿ ಹಿಡಿಯೋ ಪೈಕಿ ಅಲ್ಲಪ್ಪ. ನನಗೆ ತಲೆ ಸುತ್ತುತ್ತೆ."

ಮೇಡಂ ಉಸ್ತುವಾರಿಯವರ ಕಡೆ ತಿರುಗಿದರು. "ಇವರು ಯಾರು?"

"ನನ್ನ ಭಾವಮೈದುನ ಮೇಡಂ."

"ಇವರು ಹೇಳ್ತಿರೋದು ನಿಜಾನಾ?"

ಉಸ್ತುವಾರಿಯವರು ಬಾಯಿ ತೆರೆದರು. ಒಂದು ಕಡೆ ಮನೆ, ಒಂದು ಕಡೆ ನೆಂಟ. ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ. ಬಾಯಿಪಾಠವಾಗಿದ್ದ ಇನ್ನೂರು ವರ್ಷದ ಚರಿತ್ರೆಯಲ್ಲಿ ಒಂದು ವಾಕ್ಯವಾದರೂ ಸಹಾಯಕ್ಕೆ ಬರಲಿಲ್ಲ.

"ಆಗಿನ ಹಸು ಚಿಕ್ಕದು ಮೇಡಂ" ಎಂದರು.

"ಬೇಡ, ಯಾರ ಮಾತೂ ಬೇಡ" ಎಂದ ಅಂದಾಜು ಮೇಸ್ತ್ರಿ. "ಅಕ್ಕನ ಅಡುಗೆಮನೆ ಬಾಗಿಲು ನೋಡಿ. ಆಮೇಲೆ ಮಾತಾಡಿ."

ಮೆರವಣಿಗೆ ಹೊರಟಿತು. ಮುಂದೆ ಮೇಸ್ತ್ರಿ, ಹಿಂದೆ ಕೊಡೆ, ಅದರ ಹಿಂದೆ ಇಲಾಖೆ, ಅದರ ಹಿಂದೆ ಊರು. ವಸತಿಯೊಳಗೆ ನುಗ್ಗಿ ಅಡುಗೆಮನೆಯ ಮುಂದೆ ನಿಂತಾಗ ಅಲ್ಲಿ ಬಾಗಿಲ ಚೌಕಟ್ಟು ಇತ್ತು. ಬಾಗಿಲು ಇರಲಿಲ್ಲ. ಒಳಗೆ ಒಲೆ ಧಗಧಗ ಉರಿಯುತ್ತಿತ್ತು. ಅದರ ಮೇಲೆ ಮೂವತ್ತು ಜನಕ್ಕೂ ಸಾಲುವಷ್ಟು ಕಾಫಿ ಕುದಿಯುತ್ತಿತ್ತು.

"ಬಾಗಿಲಾ? ಯಾವ ಬಾಗಿಲು?" ಎಂದರು ಅಕ್ಕ. ಮೂಲೆಯಲ್ಲಿ ಕೊಡಲಿ ಒರಗಿತ್ತು.

"ಅಕ್ಕ" ಎಂದ ತಮ್ಮ. ಅವನ ಧ್ವನಿ ಕಿರಿದಾಗಿತ್ತು. "ಹತ್ತೊಂಬತ್ತು ವರ್ಷ ಬೈದೆ. ಸುಡೋಕೆ ಇವತ್ತೇ ಆಗಬೇಕಿತ್ತಾ?"

ಅಕ್ಕ ಒಲೆಯ ಕಡೆ ತಿರುಗಿದರು. ಕಾಫಿಗೆ ಸಕ್ಕರೆ ಎರಡು ಸಲ ಹಾಕಿದರು.

ಮೇಡಂ ನ್ಯಾಯವಂತರು. ಎರಡು ಲೋಟ ಕಾಫಿ ಕುಡಿದು ತೀರ್ಪು ಕೊಟ್ಟರು: "ಒಂದು ಕೆಲಸ ಮಾಡಿ. ನಮ್ಮೆಲ್ಲರ ಮುಂದೆ ಇವತ್ತೇ ಒಂದು ಬಾಗಿಲು ಮಾಡಿ ತೋರಿಸಿ. ಅದು ಗೂಡಿನ ಬಾಗಿಲಿನ ಹಾಗೇ ಬಂದ್ರೆ ನಿಮ್ಮ ಮಾತು ನಂಬ್ತೀವಿ. ಆಗ ಅನುಮತಿ ಇಲ್ಲದೆ ಕಟ್ಟಿಸಿದೋರ ಮೇಲೆ ಏನು ಕ್ರಮ ತಗೋಬೇಕೋ ತಗೋತೀವಿ."

ಅಂದಾಜು ಮೇಸ್ತ್ರಿಯ ಮುಖ ಅರಳಿತು. ಸೊಟ್ಟ ಬಾಗಿಲು ಮಾಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಮೂವತ್ತು ವರ್ಷದಿಂದ ಬೇರೆ ತರಹದ್ದು ಅವನು ಮಾಡಿಯೇ ಇರಲಿಲ್ಲ. ಹಲಗೆ ಬಂತು, ಗರಗಸ ಬಂತು. ಅವನು ಕಣ್ಣು ಕಿರಿದು ಮಾಡಿ, ಗೇಣು ಹಾಕಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದ.

ಆಗ ಅಕ್ಕ ಹೊರಗೆ ಬಂದರು. ದರ್ಜಿಯ ಕತ್ತಿನಲ್ಲಿದ್ದ ಟೇಪನ್ನು ಕೇಳದೆಯೇ ಎಳೆದುಕೊಂಡರು. ಒಂದು ತುದಿಯನ್ನು ಹಲಗೆಯ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ತಮ್ಮನ ಕಡೆ ಚಾಚಿದರು.

"ಹಿಡ್ಕೋ."

"ಟೇಪು ದರ್ಜಿ ಕೆಲಸ ಅಕ್ಕ."

"ಇವತ್ತು ನಾನು ಹೇಳ್ತಿದ್ದೀನಿ, ಹಿಡ್ಕೋ. ಎತ್ತರ ಆರು ಅಡಿ ಎರಡು ಇಂಚು. ಅಗಲ ಎರಡು ಅಡಿ ಏಳು ಇಂಚು. ನೋಡೋಣ, ಒಂದು ಸಲ ನನಗೋಸ್ಕರ ಚೆನ್ನಾಗಿ ಮಾಡು."

ನನಗೋಸ್ಕರ ಎಂದು ಅಕ್ಕ ಅವನಿಗೆ ಹೇಳಿ ಎಷ್ಟೋ ವರ್ಷವಾಗಿತ್ತು. ಅವನು ಅಕ್ಕನ ಮುಖ ನೋಡಿದ, ಗೂಡಿನ ಕಡೆ ನೋಡಿದ, ಟೇಪಿನ ತುದಿ ಹಿಡಿದುಕೊಂಡ.

ಉಸ್ತುವಾರಿಯವರ ಪಾಡು ಹೇಳತೀರದು. ಬಾಗಿಲು ಸೊಟ್ಟ ಬಂದರೆ ಮನೆ ಹೋಗುತ್ತದೆ, ನೇರ ಬಂದರೆ ಭಾವಮೈದುನ ಸುಳ್ಳನಾಗುತ್ತಾನೆ. ಮೊದಲ ಗಂಟೆ ನೇರ ಬರಲಿ ಎಂದು ಹಾರೈಸಿದರು. ಎರಡನೆಯ ಗಂಟೆ ಪಾಪ ಸೊಟ್ಟ ಬರಲಿ ಎಂದು ಹಾರೈಸಿದರು. ಮೂರನೆಯ ಗಂಟೆ ಮೊದಲು ಯಾವುದನ್ನು ಹಾರೈಸಿದ್ದೆ ಎಂಬುದು ಮರೆತುಹೋಗಿ, ತಲೆ ತಿಳಿಯಾಗಲು ಗುಡಿಸೋಣವೆಂದು ಹೊರಟರು. ಪೊರಕೆಗಳು ಆರನೆಯ ಕಟ್ಟಡದಲ್ಲಿದ್ದವು. ವಾಪಸು ಬಂದು ಕೂತರು.

ಸಂಜೆ ನಾಲ್ಕಕ್ಕೆ ಬಾಗಿಲು ಮುಗಿಯಿತು. ಪರೀಕ್ಷಿಸಲು ಬಾಗಿಲಿಲ್ಲದ ಚೌಕಟ್ಟು ಒಂದು ಬೇಕಾಯಿತು. ಅಂಥದ್ದು ಹತ್ತಿರದಲ್ಲಿ ಒಂದೇ ಇತ್ತು. ಅಡುಗೆಮನೆಗೆ ಹೊತ್ತು ತಂದು, ಕೀಲು ಕೂಡಿಸಿ, ಅಂದಾಜು ಮೇಸ್ತ್ರಿ ಒಂದು ಬೆರಳಿನಿಂದ ತಳ್ಳಿದ. ಬಾಗಿಲು ಹೋಗಿ ಟಕ್ ಎಂದು ಕೂತಿತು. ಮೇಲೆ ಕಚ್ಚಲಿಲ್ಲ, ಕೆಳಗೆ ಬಿಡಲಿಲ್ಲ.

ಬೆಕ್ಕು ಬಂದು ಕೆಳಗೆ ಮೂಗು ಇಟ್ಟು ನೋಡಿ, ನಂಬಲಾಗದೆ ಕೂತುಕೊಂಡಿತು. ಮೇಡಂ ಬಾಗಿಲನ್ನು ಮೂರು ಸಲ ತೆರೆದು ಮುಚ್ಚಿದರು. ಮೂರು ಸಲವೂ ಟಕ್ ಎಂದಿತು.

"ನೋಡಿದ್ರಾ" ಎಂದರು ತಜ್ಞರು, ಗೆದ್ದವರ ಧಾಟಿಯಲ್ಲಿ. "ಇದು ಈ ಕಾಲದ ಕೈ. ನೇರವಾಗಿದೆ, ಚೊಕ್ಕವಾಗಿದೆ, ಜೀವ ಇಲ್ಲ. ಇಂಥ ಬಾಗಿಲು ಮಾಡೋ ಮನುಷ್ಯ ಜನ್ಮದಲ್ಲಿ ಆ ಬಾಗಿಲು ಮಾಡಲಾರ. ಅದಕ್ಕೆ ಬೇರೆಯೇ ಪ್ರತಿಭೆ ಬೇಕು."

ಅಂದಾಜು ಮೇಸ್ತ್ರಿ ಕೆಂಪಾಗಿ, ಏನೋ ಹೇಳಲು ಬಾಯಿ ತೆರೆದ. ಆಗ ಅಕ್ಕ ಬಾಗಿಲಿನ ಅಂಚಿನ ಮೇಲೆ, ಮೇಲಿನಿಂದ ಕೆಳಗಿನವರೆಗೆ, ನಿಧಾನವಾಗಿ ಅಂಗೈ ಆಡಿಸಿದರು.

"ಚೆನ್ನಾಗಿದೆ ಕಣೋ" ಎಂದರು.

ಅವನು ತೆರೆದ ಬಾಯಿ ಮುಚ್ಚಿದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮರದ ಪುಡಿ ಕಣ್ಣಿಗೆ ಹೋಗಿತ್ತು ಎಂದು ಆಮೇಲೆ ಹೇಳಿದ.

"ಮೇಡಂ" ಎಂದ, "ಆ ಗೂಡು ನಂದಲ್ಲ. ಅಷ್ಟು ಸೊಟ್ಟ ಕೆಲಸ ನಾನು ಮಾಡಲ್ಲ."

ಆರನೆಯ ಫಲಕ ಹೊಡೆಯಲಾಯಿತು. ತಜ್ಞರ ಎಂಬತ್ತು ಪುಟದ ಪ್ರಬಂಧ ಅಚ್ಚಾಯಿತು. ಅದರಲ್ಲಿ ಇಪ್ಪತ್ತು ಪುಟ ಆಗಿನ ಕಾಲದ ಚಿಕ್ಕ ಹಸುವಿನ ಬಗ್ಗೆ ಇದೆ. ದರ್ಜಿ ಇನ್ನೊಂದು ಬೆಂಚು ಹಾಕಿಸಿದ, ಹೊಸ ಟೇಪು ಕೊಂಡ; ಹಳೆಯದು ಭಾವಮೈದುನನ ಜೇಬಿನಲ್ಲಿದೆ, ಕೇಳಿದರೆ ಕೊಡುವುದಿಲ್ಲ. ಉಸ್ತುವಾರಿಯವರನ್ನು ಈಗ ಬಂದವರೆಲ್ಲ ಮೂರನೆಯ ಪ್ರಶ್ನೆ ಕೇಳುತ್ತಾರೆ. ಅವರು ಕೈಯನ್ನು ತೊಡೆಯ ಎತ್ತರಕ್ಕೆ ಹಿಡಿದು ತೋರಿಸಿ ಬೇಗ ಮುಂದಕ್ಕೆ ಹೋಗುತ್ತಾರೆ.

ಗೂಡಿನೊಳಗಿನ ಹಳೆಯ ಪೊರಕೆಗಳಿಗೆ ಒಂದೊಂದು ಚೀಟಿ ಅಂಟಿಸಿದ್ದಾರೆ. ಇಲಾಖೆ ಹೊಸದಾಗಿ ಏಳು ಪೊರಕೆ ಕಳಿಸಿತು. ಇವನ್ನು ಎಲ್ಲಿಡಬೇಕು ಎಂದು ಉಸ್ತುವಾರಿಯವರು ಕೇಳಿ ಬರೆದ ಕಾಗದಕ್ಕೆ ಇನ್ನೂ ಉತ್ತರ ಬಂದಿಲ್ಲ. ಸದ್ಯಕ್ಕೆ ಅವು ಅಡುಗೆಮನೆಯಲ್ಲಿವೆ. ಬಾಗಿಲು ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ.